ಪೆಟ್ಟಿಗೆಯ ಮೇಲೆ ಎರಡು ಏಟು

ಮೇ ೧೪, ಬುಧವಾರ
ಬೆಟ್ಟದ ಮೇಲಿನ ವಸತಿಗೃಹ, ಕಿಟಕಿ ಪಕ್ಕದ ಮೇಜು

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡಿಯ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ‘ಇಬ್ಬರೂ’ ಅನ್ನುವುದನ್ನು ಈ ಸಲ ವಾಡಿಕೆಗೆಂದು ಬರೆದದ್ದಲ್ಲ. ನಿನ್ನೆ ಮಧ್ಯಾಹ್ನ ಸುಮಾರು ಹೊತ್ತು ಆ ಮಾತು ನಿಜವಾಗಿರಲಿಲ್ಲ. ಗಾಬರಿಯಾಗಬೇಡ, ಈಗ ಎಲ್ಲ ಸರಿಯಿದೆ. ಇಲ್ಲಿ ಫೋನು ಸಿಗುವುದಿಲ್ಲ. ಸಿಕ್ಕಿದ್ದರೂ ನಾನು ಕಾಗದವನ್ನೇ ಬರೆಯುತ್ತಿದ್ದೆ. ಫೋನಿನಲ್ಲಾದರೆ ನಾನು ಒಂದು ಮಾತು ಹೇಳುವಷ್ಟರಲ್ಲಿ ನೀನು ನಾಲ್ಕು ಬುದ್ಧಿ ಹೇಳಿ ಮುಗಿಸಿರುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕುವುದು ನಿನ್ನಿಂದಲೂ ಆಗದ ಕೆಲಸ.

ನಿನ್ನ ಮಹಡಿ ಕೋಣೆಯ ವಿಷಯಕ್ಕೆ ಬರುತ್ತೇನೆ, ಆದರೆ ಸುತ್ತಿ ಬಳಸಿ ಬರುತ್ತೇನೆ. ಈ ಪ್ರವಾಸ ಮುಗಿದ ಮೇಲೆ ನಾನು ಗಂಡನನ್ನು ಬಿಟ್ಟು ನಿನ್ನ ಮನೆಗೆ ಬಂದುಬಿಡುವುದೆಂದು ನಾನೂ ನೀನೂ ಅಡುಗೆಮನೆಯಲ್ಲಿ ಗುಸುಗುಸು ಮಾಡಿ ನಿಶ್ಚಯಿಸಿದ್ದೆವಲ್ಲ. ಹೊಸದಾಗಿ ಮದುವೆಯಾದಾಗ ಅವರು ಒಂದು ಮಾತು ಕೊಟ್ಟಿದ್ದರು, ರಿಟೈರಾದ ಮೇಲೆ ಬೈಕಿನಲ್ಲಿ ಕೂರಿಸಿಕೊಂಡು ಬೆಟ್ಟ ಸುತ್ತಿಸುತ್ತೇನೆ ಅಂತ. ಕೊಟ್ಟ ಮಾತು ಉಳಿಸಿಕೊಳ್ಳಲಿ ಪಾಪ, ಆಮೇಲೆ ಹೇಳಿದರಾಯಿತು ಎಂದು ನಾನೇ ಅಂದಿದ್ದೆ. ನೀನು ಅದಕ್ಕೂ ಬೈದಿದ್ದೆ. ಬಿಡುವವಳು ಬಿಡಬೇಕು, ಊಟ ಬಡಿಸಿ ಬಿಡುವುದು ಎಂಥದು ಅಂತ.

ಅಕ್ಕ, ನಾನು ಯಾಕೆ ಬೇಸತ್ತೆ ಅನ್ನುವುದು ನಿನಗೆ ಪೂರ್ತಿ ಅರ್ಥವಾಗಿತ್ತೋ ಇಲ್ಲವೋ. ಕುಡಿತ ಇಲ್ಲ, ಹೊಡೆತ ಇಲ್ಲ, ಮತ್ತಿನ್ನೇನು ಎಂದು ಭಾವ ಕೇಳಿದರಂತೆ. ನಮ್ಮಿಬ್ಬರ ಸಂಸಾರ ನಡೆದದ್ದೇ ಬಸ್ಸಿನಲ್ಲಿ. ಮದುವೆಯಾದ ಮೇಲೆ ಡಿಪೋ ಮ್ಯಾನೇಜರು ದೊಡ್ಡ ಮನಸ್ಸು ಮಾಡಿ ಇಬ್ಬರನ್ನೂ ಒಂದೇ ಗಾಡಿಗೆ ಹಾಕಿದರು. ಅವರು ಸ್ಟೇರಿಂಗ್ ಹಿಡಿದು ಮುಂದೆ, ನಾನು ಟಿಕೆಟ್ ಚೀಲ ನೇತುಹಾಕಿಕೊಂಡು ಹಿಂದೆ. ಒಂದು ಸೀಟಿ ಊದಿದರೆ ಹೋಲ್ಡಾನ್, ಗಾಡಿ ನಿಲ್ಲಬೇಕು; ಎರಡು ಊದಿದರೆ ರೈಟ್, ಹೊರಡಬೇಕು. ಸೀಟಿ ಬಾಯಿಗೆ ಸಿಗದಷ್ಟು ಜನ ತುಂಬಿದ್ದರೆ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಏಟು. ನಾನು ರೈಟ್ ಕೊಟ್ಟ ಮೇಲೆ ಅವರು ಯಾವತ್ತೂ ತಿರುಗಿ ನೋಡಿದವರಲ್ಲ. ಹಿಂದಿನದೆಲ್ಲ ನನ್ನ ರಾಜ್ಯ, ಮುಂದಿನದು ಅವರದು. ಮನೆಗೆ ಬರುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಗಿ ಉಂಡು ಮಲಗುತ್ತಿದ್ದೆವು. ಮಾತಾಡಲಿಲ್ಲವಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ.

ಹೋದ ವರ್ಷ ಅವರು ರಿಟೈರಾದರು, ನಾನೂ ಅದೇ ತಿಂಗಳು ಸ್ವಯಂ ನಿವೃತ್ತಿ ತೆಗೆದುಕೊಂಡೆ. ಎಷ್ಟು ಆಸೆಯಿತ್ತು ಗೊತ್ತಾ. ಮೊದಲ ಸಲ ಗಂಡನ ಎದುರಿಗೆ ಕೂತು ಬಿಸಿಬಿಸಿ ಚಹಾ ಕುಡಿಯುವುದು, ಹರಟುವುದು. ಆ ಮನುಷ್ಯನ ಬಾಯಿಗೆ ಬೀಗ ಬಿತ್ತು. ನಾನು ಹತ್ತು ಮಾತಾಡಿದರೆ ಅವರದು ಒಂದು ‘ಹೂಂ’. ಬೆಳಗಾದರೆ ಬಸ್ ನಿಲ್ದಾಣಕ್ಕೆ ಹೋಗಿ ಸಿಮೆಂಟಿನ ಬೆಂಚಿನ ಮೇಲೆ ಕೂತು ಮಧ್ಯಾಹ್ನ ಊಟಕ್ಕೆ ಬರುವುದು. ನಾನು ಗೋಡೆ ಜೊತೆ ಮಾತಾಡಲು ಶುರುಮಾಡಿದೆ, ಸುಳ್ಳಲ್ಲ. ಒಂದು ದಿನ ಊಟದ ತಟ್ಟೆ ಎದುರು ಇಟ್ಟು, ನಾನು ಇಲ್ಲದಿದ್ದರೂ ನಿಮಗೆ ನಡೆಯುತ್ತದಲ್ಲ ಎಂದು ಕೇಳಿದೆ. ಅದಕ್ಕೂ ಹೂಂ ಅಂದರು. ಕೇಳಿಸಿಕೊಂಡು ಅಂದದ್ದಲ್ಲ ಎಂದು ನನಗೆ ಗೊತ್ತು. ಆದರೂ ಅವತ್ತು ಸಂಜೆಯೇ ನಿನಗೆ ಫೋನು ಮಾಡಿದ್ದು.

ಸರಿ, ಪ್ರವಾಸ. ಹಳೇ ಬೈಕನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಮದುಮಗಳ ಹಾಗೆ ಮಾಡಿದ್ದಾರೆ. ಹಿಂದಿನ ಕ್ಯಾರಿಯರಿಗೆ ನನ್ನ ಹಳೇ ಟಿಕೆಟಿನ ತಗಡಿನ ಪೆಟ್ಟಿಗೆಯನ್ನು ಕಟ್ಟಿ ಅದರಲ್ಲೇ ಇಬ್ಬರ ಬಟ್ಟೆ ತುಂಬಿದೆವು. ನಾನು ಹತ್ತಿ ಕೂತು, ಸೆರಗು ಸಿಕ್ಕಿಸಿಕೊಂಡು, ಕೈ ಹಿಂದೆ ಮಾಡಿ ಆ ಪೆಟ್ಟಿಗೆಗೆ ಎರಡು ಏಟು ಹಾಕಿದರೆ ರೈಟ್. ಅವರು ಹೊರಡುತ್ತಾರೆ. ಮೊದಲ ದಿನ ಏಟು ಹಾಕುವುದನ್ನು ಮರೆತು ಕೂತುಬಿಟ್ಟಿದ್ದೆ. ಪುಣ್ಯಾತ್ಮ ಇಂಜಿನ್ ಚಾಲೂ ಇಟ್ಟುಕೊಂಡು ಹಾಗೇ ನಿಂತಿದ್ದಾರೆ, ಪೆಟ್ರೋಲ್ ಬಂಕಿನಲ್ಲಿ ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದಾರೆ, ಇವರು ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಕಂಡಕ್ಟರು ರೈಟ್ ಕೊಡದೆ ಗಾಡಿ ಹೇಗೆ ಬಿಡುವುದು.

ಬೆಟ್ಟ ಚೆಂದವಿದೆ, ಸುಳ್ಳು ಯಾಕೆ ಹೇಳಲಿ. ಒಂದು ತಿರುವು ದಾಟಿದರೆ ಬಿಸಿಲು, ಇನ್ನೊಂದು ದಾಟಿದರೆ ಮೋಡ ರಸ್ತೆ ಮೇಲೇ ಮಲಗಿರುತ್ತದೆ. ಕೆಳಗೆ ನೋಡಿದರೆ ತಲೆ ತಿರುಗುವಷ್ಟು ಆಳ. ಆದರೆ ಮಾತು ಅಷ್ಟಕ್ಕಷ್ಟೇ. ಚಳಿಯಾ, ಹಸಿವಾ, ಇಲ್ಲಿ ನಿಲ್ಲಿಸಲಾ. ಹೋಟೆಲಿನಲ್ಲಿ ಎದುರಿಗೆ ಕೂತರೆ ಗೋಡೆಯ ಮೇಲಿನ ತಿಂಡಿ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಮತ್ತೆ ಅದೇ, ಹೆಲ್ಮೆಟ್ಟಿನ ಕೆಳಗಿನ ಕುತ್ತಿಗೆ. ಇಷ್ಟು ವರ್ಷ ಬಸ್ಸಿನಲ್ಲಿ ನೋಡಿ ಸವೆಸಿದ ಕುತ್ತಿಗೆ.

ನಿನ್ನೆ ಮಧ್ಯಾಹ್ನ ದೊಡ್ಡ ಏರಿಗೆ ಮೊದಲು ಒಂದು ಚಹಾದಂಗಡಿಯ ಹತ್ತಿರ ನಿಲ್ಲಿಸಿದೆವು. ತಗಡಿನ ಮಾಡು, ಉದ್ದ ಬೆಂಚು, ಒಲೆಯ ಮುಂದೆ ದಪ್ಪನೆಯ ಅಂಗಡಿಯಾಕೆ. ಮೋಡ ಅಂಗಡಿಯ ಒಳಗೇ ಬಂದು ಹೋಗುತ್ತಿತ್ತು. ಚಹಾ ಕುಡಿಯುತ್ತಾ ನಾನೇ ಮಾತು ತೆಗೆದೆ. ಈ ಊರಿನಲ್ಲಿ ಒಂದು ಮನೆ ಮಾಡಿಕೊಂಡು ಇದ್ದುಬಿಟ್ಟರೆ ಹೇಗಿರುತ್ತದೆ ಅಂದೆ. ಅವರು ಲೋಟದೊಳಗೆ ನೋಡುತ್ತಾ ಕೂತರು. ಆಮೇಲೆ ಎದ್ದು ಹೋಗಿ ಟಯರು ಒತ್ತಿ ನೋಡಿ, ಗಾಡಿ ಹತ್ತಿ ಇಂಜಿನ್ ಚಾಲೂ ಮಾಡಿದರು. ನಾನು ಹಿಂದೆಯೇ ಹೋಗಿ ಫುಟ್‌ರೆಸ್ಟಿನ ಮೇಲೆ ಒಂದು ಕಾಲಿಟ್ಟು ಸೀಟಿನ ಮೇಲೆ ಭಾರ ಹಾಕಿದೆ. ಆಗ ಬೆಂಚಿನ ಮೇಲೆ ಮಫ್ಲರ್ ಬಿಟ್ಟದ್ದು ನೆನಪಾಗಿ ಕೆಳಗಿಳಿದೆ. ಅಷ್ಟರಲ್ಲಿ ಆ ಅಂಗಡಿಯಾಕೆ ಪೆಟ್ಟಿಗೆಯ ಹಗ್ಗ ಸಡಿಲವಾಗಿದೆಯೆಂದು ಬಿಗಿದು, ಗಂಟು ಕಟ್ಟಿ ಮುಗಿಸಿದವರೆಲ್ಲ ತಟ್ಟುವ ಹಾಗೆ ಪೆಟ್ಟಿಗೆಗೆ ಎರಡು ಏಟು ಹಾಕಿದಳು. ಇವರು ರೈಟ್ ಅಂದುಕೊಂಡು ಹೊರಟೇಬಿಟ್ಟರು. ಮೊದಲನೇ ಗೇರು, ಎರಡನೇ ಗೇರು, ಮೋಡದೊಳಗೆ ಮಾಯ.

ನಗಬೇಡ. ನಿನಗೆ ನಗು ಬಂದೇ ಬಂದಿರುತ್ತದೆ ಎಂದು ಗೊತ್ತು.

ಮೊದಲು ನನಗೇನು ಅನ್ನಿಸಿತು ಹೇಳಲಾ? ಹಾಯೆನ್ನಿಸಿತು. ಕಳೆದ ಒಂದು ವರ್ಷದಲ್ಲಿ ಅಷ್ಟು ಹಾಯೆನ್ನಿಸಿದ್ದೇ ಇಲ್ಲ. ತಾನಾಗಿ ಆಯಿತು, ನಾನು ಹೇಳುವುದೂ ಬೇಡ, ಅವರು ಹೂಂ ಅನ್ನುವುದೂ ಬೇಡ. ಇಲ್ಲಿಂದಲೇ ಕೆಳಗಿಳಿಯುವ ಬಸ್ಸು ಹಿಡಿದು ನಿನ್ನ ಮನೆಗೆ ಬಂದುಬಿಡುವುದು ಅಂತ ಲೆಕ್ಕ ಹಾಕಿದೆ. ಬಸ್ಸು ಯಾವಾಗ ಎಂದು ಅಂಗಡಿಯಾಕೆಯನ್ನು ಕೇಳಿದೆ. ಸಂಜೆಗೆ ಒಂದಿದೆ ಅಂದಳು, ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು, ಬೇರೇನೂ ಕೇಳದೆ ಆಲೂಗೆಡ್ಡೆಯ ಬುಟ್ಟಿಯನ್ನೂ ಒಂದು ಚಾಕುವನ್ನೂ ನನ್ನ ಮುಂದೆ ತಳ್ಳಿದಳು. ಕೂತು ಸಿಪ್ಪೆ ತೆಗೆದೆ. ನಡುವೆ ಒಂದು ವ್ಯಾನು ಅಂಗಳದಲ್ಲಿ ತಿರುಗಿಸಲಾಗದೆ ಒದ್ದಾಡುತ್ತಿತ್ತು. ಕೈ ಒರೆಸಿಕೊಂಡು ಹೋಗಿ ಹಿಂದೆ ನಿಂತು, ಬರಲಿ, ಬರಲಿ, ಎಡಕ್ಕೆ, ಹೋಲ್ಡಾನ್ ಎಂದು ತಿರುಗಿಸಿ ಕಳಿಸಿದೆ. ಆ ಡ್ರೈವರು ಕೈಮುಗಿದು ಹೋದ. ನೋಡು, ನನ್ನ ಕೆಲಸ ನನಗೆ ಮರೆತಿಲ್ಲ, ಯಾರ ಹಂಗೂ ಇಲ್ಲದೆ ಬದುಕುತ್ತೇನೆ ಎಂದು ಬೀಗಿದೆ.

ಇವರು ಇನ್ನೇನು ಬರುತ್ತಾರೆ, ಬಂದಾಗ ಮುಖ ಊದಿಸಿಕೊಂಡಿರಬೇಕು ಎಂದೂ ಒಂದು ಕಡೆ ಅಂದುಕೊಳ್ಳುತ್ತಿದ್ದೆ. ಬರಲಿಲ್ಲ. ಬುಟ್ಟಿ ಖಾಲಿಯಾಯಿತು. ಆದರೂ ಬರಲಿಲ್ಲ.

ಆಗ ಮೇಲಿನಿಂದ ಒಂದು ಲಾರಿ ಇಳಿದು ಬಂದು ನಿಂತಿತು. ಡ್ರೈವರು ಚಹಾ ಕೇಳುತ್ತಾ ಅಂಗಡಿಯಾಕೆಗೆ ದಾರಿಯ ಸುದ್ದಿ ಹೇಳಿದ. ಮೇಲೆ ತಿರುವಿನಲ್ಲಿ ವಯಸ್ಸಾದವರೊಬ್ಬರು ಬೈಕು ಅಡ್ಡ ನಿಲ್ಲಿಸಿ, ತಡೆಗೋಡೆಯ ಆಚೆ ಬಗ್ಗಿ ಕಣಿವೆಯೊಳಗೆ ಕೂಗುತ್ತಿದ್ದಾರಂತೆ. ಇವನು ಲಾರಿ ನಿಲ್ಲಿಸಿ ಕೇಳಿದ್ದಾನೆ. ಆಮೇಲೆ ಅವನು ನಗುತ್ತಾ ಅಂದದ್ದನ್ನು ಹಾಗೇ ಬರೆಯುತ್ತೇನೆ.

“ಏನ್ ಬಿತ್ತು ಸಾರ್ ಅಂದ್ರೆ, ನಮ್ ಕಂಡಕ್ಟ್ರು ಅಂತಾರೆ. ಬೈಕಿಗೆ ಎಲ್ಲಮ್ಮಾ ಕಂಡಕ್ಟ್ರು? ಪಾಪ, ತಲೆ ಸರಿ ಇಲ್ಲ ಅನ್ಸತ್ತೆ.”

ಅಕ್ಕ, ನಾನು ಥಟ್ಟನೆ ಎದ್ದು ನಿಂತೆ. ನಾನು ಅವರನ್ನು ಮರೆಗುಳಿ ಅಂದುಕೊಂಡಿದ್ದೆ, ಕಲ್ಲು ಅಂದುಕೊಂಡಿದ್ದೆ. ಆದರೆ ಬೆಂಚಿನ ಮೇಲೆ ನನ್ನನ್ನು ಬಿಟ್ಟು ಬಂದಿದ್ದೇನೆ ಎಂದು ಅವರ ತಲೆಗೆ ಹೊಳೆದೇ ಇಲ್ಲ. ರೈಟ್ ಆಗಿದೆ ಅಂದಮೇಲೆ ಕಂಡಕ್ಟರು ಗಾಡಿಯಲ್ಲಿರಲೇಬೇಕು. ಗಾಡಿಯಲ್ಲಿಲ್ಲ ಅಂದರೆ ಬಿದ್ದಿರಬೇಕು. ಅವರ ಲೆಕ್ಕ ಅಷ್ಟೇ. ಆ ಆಳವನ್ನು ನಾನು ನೋಡಿದ್ದೇನೆ. ಮೋಡ ಮುಚ್ಚಿದೆ, ಅವರ ಮಂಡಿ ಬೇರೆ ಸರಿಯಿಲ್ಲ, ನನ್ನನ್ನು ಹುಡುಕಲು ಎಲ್ಲಾದರೂ ತಡೆಗೋಡೆ ದಾಟಿ ಇಳಿದುಬಿಟ್ಟರೆ?

ಲಾರಿಯವನನ್ನು ಮೇಲಕ್ಕೆ ಕರೆದುಕೊಂಡು ಹೋಗೆಂದು ಅಂಗಲಾಚಿದೆ. ಅಷ್ಟು ಉದ್ದದ ಲಾರಿ ಅಲ್ಲೆಲ್ಲಿ ತಿರುಗೀತು. ನಾನೇ ಓಡಿದೆ. ಓಡಿದೆ ಅಂದರೆ, ನನ್ನ ಮೈಯಿಗೆ ಸಾಧ್ಯವಾದಷ್ಟು ಓಡಿದೆ, ಉಳಿದದ್ದು ಏದುಸಿರು ಬಿಡುತ್ತಾ ನಡೆದೆ. ಮೋಡದಲ್ಲಿ ನನ್ನ ಚಪ್ಪಲಿ ನನಗೇ ಕಾಣುತ್ತಿರಲಿಲ್ಲ. ಬಾಯಲ್ಲಿ ದೇವರ ಹೆಸರು ಬರಲಿಲ್ಲ. ಇಳೀಬೇಡ್ರೀ, ಇಳೀಬೇಡ್ರೀ ಅನ್ನುವುದೊಂದೇ. ಅರ್ಧ ಗಂಟೆಯ ಹಿಂದೆ ಬಸ್ಸು ಹಿಡಿಯಲು ಕೂತಿದ್ದವಳು ನಾನೇನಾ ಎಂದು ನನಗೇ ನಾಚಿಕೆಯಾಯಿತು.

ಎಷ್ಟೋ ಹೊತ್ತಿನ ಮೇಲೆ ಇಂಜಿನ್ನಿನ ಸದ್ದು ಕೇಳಿಸಿತು. ಸಾವಿರ ಗಾಡಿಗಳ ನಡುವೆಯೂ ಗುರುತಿಸುತ್ತೇನೆ, ಅದು ನಮ್ಮದೇ. ತಿರುವಿನಿಂದ ಇಳಿದು ಬರುತ್ತಿದೆ, ಹೊಗೆಯಂಥ ಮೋಡದಲ್ಲಿ ಅವರಿಗೆ ನಾನು ಕಾಣುವುದಿಲ್ಲ, ಕೂಗಿದರೆ ಹೆಲ್ಮೆಟ್ಟಿನೊಳಗೆ ಕೇಳಿಸುವುದಿಲ್ಲ, ದಾಟಿ ಹೋಗಿಬಿಡುತ್ತಾರೆ. ಎರಡು ಬೆರಳು ನಾಲಿಗೆ ಕೆಳಗಿಟ್ಟು ಒಂದೇ ಒಂದು ಸೀಟಿ ಹಾಕಿದೆ. ಉದ್ದಕ್ಕೆ, ಉಸಿರಿರುವವರೆಗೂ.

ಕರ್ರ್ ಎಂದು ಬ್ರೇಕು ಬಿತ್ತು. ಅವರಿಗೆ ನಾನು ಕಾಣುವ ಮೊದಲೇ ಗಾಡಿ ನಿಂತಿತ್ತು.

ಇಳಿದು ಹತ್ತಿರ ಬಂದರು. ಹೆಲ್ಮೆಟ್ ತೆಗೆದಿರಲಿಲ್ಲ. ನನ್ನ ತಲೆ, ಭುಜ, ಮೊಣಕೈ ಎಲ್ಲವನ್ನೂ ಒತ್ತಿ ಒತ್ತಿ ನೋಡಿದರು, ಟಯರು ನೋಡುವ ಹಾಗೆಯೇ. ಅಂಗೈ ತುಂಬ ಮುಳ್ಳು ಗೀರಿದ ಗಾಯ, ಪ್ಯಾಂಟಿನ ಮಂಡಿ ಹರಿದು ಕೆಸರು. ನಾನು ಅಳುತ್ತಿದ್ದೆ. ಅವರೂ ಅಳುತ್ತಿದ್ದರೋ ಏನೋ, ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಂಜಾಗಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಇಬ್ಬರೂ ದೊಪ್ಪನೆ ಕೂತೆವು. ಜೀವ ಹೋಗಿ ಬಂದ ಹಾಗೆ ಅನ್ನುತ್ತಾರಲ್ಲ, ಬಂದ ಮೇಲೆ ಇಷ್ಟು ಸುಖವಾಗಿರುತ್ತದೆಂದು ಯಾರೂ ಹೇಳಿರಲಿಲ್ಲ.

ಮತ್ತೆ ಅಂಗಡಿಗೆ ಇಳಿದು ಬಂದೆವು. ಅಂಗೈಯ ಗಾಯಕ್ಕೆ ಅವರಿಗೆ ಬಿಸಿ ಲೋಟ ಹಿಡಿಯಲಾಗುತ್ತಿರಲಿಲ್ಲ, ನಾನೇ ಹಿಡಿದು ಕುಡಿಸಿದೆ. ನಾನು ಏನಾದರೂ ಹೇಳಲು ಬಾಯಿ ತೆರೆಯುವ ಮೊದಲೇ ಅವರು ಅಂಗಡಿಯಾಕೆಗೂ ಕೇಳಿಸುವ ಹಾಗೆ, ತಪ್ಪು ನಂದೇ, ಒಂದ್ಸಲ ತಿರುಗಿ ನೋಡ್ಬೇಕಿತ್ತು ಅಂದರು. ಆಕೆ ನನ್ನ ಮುಖ ನೋಡಿ ಒಲೆ ಕಡೆ ತಿರುಗಿಕೊಂಡಳು. ಸಂಜೆಯ ಬಸ್ಸು ಬಂದು ನಿಂತು, ಇಬ್ಬರನ್ನು ಹತ್ತಿಸಿಕೊಂಡು ಹೋಯಿತು. ನಾನು ತಲೆಯೆತ್ತಲಿಲ್ಲ.

ತಮಾಷೆ ಇರುವುದು ಮುಂದೆ. ಇಷ್ಟು ದೂರ ನಾನಿಲ್ಲದೆ ಹೋಗಿದ್ದು ಗೊತ್ತೇ ಆಗಲಿಲ್ಲವಾ, ಹಿಂದೆ ಭಾರ ಕಡಿಮೆಯಾದದ್ದೂ ತಿಳಿಯಲಿಲ್ಲವಾ ಎಂದು ಕೇಳಿದೆ. ಗಾಡಿ ಇವತ್ತು ಏರಿನಲ್ಲಿ ಚೆನ್ನಾಗಿ ಎಳೀತಿದೆ, ಹೊಸ ಪ್ಲಗ್ಗು ಹಾಕಿಸಿದ್ದು ಸಾರ್ಥಕವಾಯಿತು ಅಂದುಕೊಂಡರಂತೆ. ನಾನಿಲ್ಲದ್ದನ್ನು ಪ್ಲಗ್ಗಿನ ಖಾತೆಗೆ ಹಾಕಿದ ಗಂಡ. ಅಷ್ಟೇ ಅಲ್ಲ, ನಾನು ಮಾತಾಡ್ತಾ ಇದ್ದೆ, ಅದಕ್ಕೇ ಗೊತ್ತಾಗಲಿಲ್ಲ ಅಂದರು.

ಯಾರ ಜೊತೆ ಅಂತ ಕೇಳಿದೆ. ನಿನ್ನ ಜೊತೆ ಅಂದರು.

ಅಂಗಡಿಯಿಂದ ಹೊರಟು ಮೋಡದೊಳಗೆ ಹೊಕ್ಕ ಕೂಡಲೇ, ಒಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನೆಲ್ಲ ಹೇಳಲು ಶುರುಮಾಡಿದರಂತೆ. ಮುಂದೆ ಏನೂ ಕಾಣುತ್ತಿರಲಿಲ್ಲ, ಅದಕ್ಕೇ ಧೈರ್ಯ ಬಂತಂತೆ. ನಾನು ಉತ್ತರ ಕೊಡದೇ ಇದ್ದದ್ದು ಕೋಪಕ್ಕೆ ಎಂದುಕೊಂಡು ಇನ್ನೂ ಗಟ್ಟಿಯಾಗಿ ಹೇಳಿದರಂತೆ. ಘಾಟಿಯ ನೆತ್ತಿಯಲ್ಲಿ ನಿಲ್ಲಿಸಿ, ಈಗ ನೀನು ಹೇಳು ಎಂದು ತಿರುಗಿ ನೋಡಿದರೆ ಖಾಲಿ ಸೀಟು. ಮತ್ತೊಮ್ಮೆ ಹೇಳಿ ಎಂದೆ. ಆಗಲ್ಲ, ಎಲ್ಲಾ ಹೇಳಿ ಮುಗೀತು ಎಂದು ಲೋಟದೊಳಗೆ ನೋಡತೊಡಗಿದರು.

ಅಕ್ಕ, ನಿನ್ನ ತಂಗಿಗೆ ಮೊಂಡಿ ಎಂದು ಹೆಸರಿಟ್ಟದ್ದು ಸುಮ್ಮನೆಯಾ? ಕೈಹಿಡಿದು ಎಬ್ಬಿಸಿ ಗಾಡಿ ಹತ್ತಿಸಿದೆ. ಹಿಂದೆ ಕೂತು, ಗಲ್ಲವನ್ನು ಅವರ ಭುಜದ ಮೇಲಿಟ್ಟು, ಈಗ ಹೇಳಿ ಅಂದೆ. ಮೆಲ್ಲಗೆ ಬಿಟ್ಟರು. ಎರಡು ತಿರುವು ದಾಟಿದೆವು. ಮೂರನೆಯದರಲ್ಲಿ ಬಾಯಿ ಬಿಟ್ಟರು.

ನಮ್ಮ ಗುಟ್ಟು ಅವರಿಗೆ ಗೊತ್ತಿತ್ತು. ಮಹಡಿ ಕೋಣೆಯ ಕಿಟಕಿ ರಿಪೇರಿಗೆ ಒಳ್ಳೆ ಬಡಗಿ ಯಾರಾದರೂ ಇದ್ದಾರಾ, ನಿಮ್ಮಾಕೆಗೆ ಚಳಿಯಾಗಬಾರದಲ್ಲ ಎಂದು ಭಾವ ಅವರನ್ನೇ ಕೇಳಿದ್ದರಂತೆ. ಭಾವನ ಬಾಯಿ ಗೊತ್ತಿದ್ದೂ ಅವರ ಹತ್ತಿರ ಗುಟ್ಟು ಹೇಳಿದ ನಿನಗೆ ಏನನ್ನಬೇಕೋ ತಿಳಿಯದು. ಅವತ್ತಿನಿಂದ ಇವರಿಗೆ ನನ್ನ ಎದುರು ಕೂರುವುದಕ್ಕೇ ಹೆದರಿಕೆಯಾಗುತ್ತಿತ್ತಂತೆ. ಅದಕ್ಕೂ ಮೊದಲಿನ ಕಥೆ ಬೇರೆ. ಬಸ್ಸಿನಲ್ಲಿ ಅವರ ತಲೆಯ ಮೇಲಿದ್ದ ಕನ್ನಡಿಯನ್ನು ನನ್ನ ಕಡೆಗೇ ತಿರುಗಿಸಿಟ್ಟಿದ್ದರಂತೆ. ನಾನು ಚಿಲ್ಲರೆಗಾಗಿ ಜಗಳವಾಡಿದ್ದು, ಯಾರದೋ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಟಿಕೆಟ್ ಹರಿದದ್ದು, ಕೊನೇ ಟ್ರಿಪ್ಪಿನಲ್ಲಿ ಕಂಬಿಗೆ ಆತು ತೂಕಡಿಸಿದ್ದು, ಎಲ್ಲ ನೋಡಿದ್ದಾರೆ. ಆ ಕನ್ನಡಿಯಲ್ಲಿ ನಾನು ಅವರನ್ನು ನೋಡುತ್ತಿರಲಿಲ್ಲ, ಅವರೊಬ್ಬರೇ ನನ್ನನ್ನು ನೋಡುತ್ತಿದ್ದರು. ಮನೆಯಲ್ಲಿ ನಾನೂ ನೋಡುತ್ತೇನಲ್ಲ, ಅದು ಅವರಿಗೆ ಅಭ್ಯಾಸವಿಲ್ಲ. ನಾಚಿಕೆಯಂತೆ. ಈ ವಯಸ್ಸಿನಲ್ಲಿ, ನನ್ನ ಮುಂದೆ, ನಾಚಿಕೆ.

ಕೊನೆಯದಾಗಿ ಅಂದದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ.

“ಹೋಗ್ಬೇಕು ಅನ್ಸಿದ್ರೆ ಹೋಗು. ನಾನೇ ಕರ್ಕೊಂಡ್ ಹೋಗಿ ಬಿಡ್ತೀನಿ, ಒಬ್ಳೇ ಹೋಗ್ಬೇಡ. ಆದ್ರೆ ಹೋಗ್ದೇ ಇದ್ರೆ ನಂಗೆ ಇಷ್ಟ. ಅಷ್ಟೇ.”

ಒಂದು ವರ್ಷ ಕಾದದ್ದು ಇಷ್ಟು ಮಾತಿಗೆ. ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಅದು ಯಾವ ಸಿಗ್ನಲ್ಲೂ ಅಲ್ಲ ಎಂದು ಅವರಿಗೆ ತಿಳಿಯಿತು, ಗಾಡಿ ನಿಲ್ಲಿಸಲಿಲ್ಲ. ನನ್ನ ಉತ್ತರ ಏನು ಎಂದು ಕೇಳಿದರು. ಮುಂದೆ ನೋಡಿ ಗಾಡಿ ಓಡಿಸಿ, ಮನೆಗೆ ಹೋಗುವ ದಾರಿ ನಿಮಗೆ ಗೊತ್ತಲ್ಲ ಎಂದೆ. ಆ ಕುತ್ತಿಗೆ ಕೆಂಪಾಯಿತು. ಮೋಡ ಆಗಲೇ ಹರಿದಿತ್ತು, ಸಂಜೆಯ ಬಿಸಿಲು ಇಡೀ ಬೆಟ್ಟದ ಮೇಲೆ ಬಿದ್ದಿತ್ತು, ಇಬ್ಬರಿಗೂ ಹಸಿವೆಯೋ ಹಸಿವೆ.

ಇಲ್ಲಿಗೆ ಬಂದ ಮೇಲೆ ನಾನೊಂದು ಉಪಾಯ ಮಾಡಿದೆ. ಕುರ್ಚಿಯನ್ನು ಕಿಟಕಿ ಕಡೆ ತಿರುಗಿಸಿ ಅವರನ್ನು ಕೂರಿಸಿದೆ, ನಾನು ಹಿಂದೆ ಮಂಚದ ಮೇಲೆ ಕೂತೆ. ಮಾತು ನೀರು ಹರಿದ ಹಾಗೆ ಬಂತು. ಊಟ ತಂದವನು ನಮ್ಮನ್ನು ಕಂಡು, ಜಗಳವಾಗಿದೆಯೇನೋ ಎಂದು ತಟ್ಟೆ ಇಟ್ಟು ಮೆಲ್ಲಗೆ ಜಾರಿಕೊಂಡ. ಮನೆಗೆ ಹೋದ ಮೇಲೂ ಹೀಗೇ ಕುರ್ಚಿ ಹಾಕಿಕೊಳ್ಳುತ್ತೇವೆ. ಸ್ವಲ್ಪ ಸ್ವಲ್ಪವೇ ತಿರುಗಿಸಿದರಾಯಿತು, ಅವಸರವೇನಿದೆ. ನಿನ್ನ ಕೋಣೆ ನನಗೆ ಬೇಡ ಅಕ್ಕ. ಕಿಟಕಿ ಮಾತ್ರ ರಿಪೇರಿ ಮಾಡಿಸಿಡು, ನಾವಿಬ್ಬರೂ ಇಳಿದು ಬಂದು ನಾಲ್ಕು ದಿನ ಇದ್ದು ಹೋಗುತ್ತೇವೆ. ಭಾವನಿಗೆ ನನ್ನ ಕಡೆಯಿಂದ ಒಂದು ಬೈಗುಳ, ಒಂದು ನಮಸ್ಕಾರ. ಯಾವುದು ಮೊದಲು ಎಂಬುದು ನಿನಗೆ ಬಿಟ್ಟದ್ದು.

ಮನೆಗೆ ಹೊರಟಿರುವ
ನಿನ್ನ ತಂಗಿ,
ಮೊಂಡಿ

ವಿ.ಸೂ.: ಮಡಿಚಿದ ಕಾಗದವನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ನೀನೊಬ್ಬಳೇ ಓದು, ಭಾವನಿಗೆ ಕೊಡಬೇಡ. ಮಫ್ಲರ್ ನನ್ನ ಕುತ್ತಿಗೆಯಲ್ಲೇ ಇತ್ತು ಅಕ್ಕ. ಅಂಗಡಿಯಾಕೆ ಒಲೆ ಬಿಟ್ಟು ಎದ್ದೇ ಇರಲಿಲ್ಲ. ಅವರು ಉತ್ತರ ಕೊಡದೆ ಎದ್ದುಹೋದರಲ್ಲ, ನನಗೆ ತಲೆ ಕೆಟ್ಟುಹೋಯಿತು. ಕಾಲಿಟ್ಟು ಇಳಿದೆ, ಪೆಟ್ಟಿಗೆಗೆ ಎರಡು ಏಟು ಹಾಕಿದೆ, ಹೋಗಲಿ ಎಂದು ಕಳಿಸಿಬಿಟ್ಟೆ. ಇದನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಈಗ ತಾನೇ ಹೊರಗೆ ಪೆಟ್ಟಿಗೆ ಕಟ್ಟುತ್ತಿದ್ದರು, ನಾನು ಹಗ್ಗ ಹಿಡಿದು ನಿಂತಿದ್ದೆ. ನನಗೆ ಬೆನ್ನು ಹಾಕಿಕೊಂಡೇ ಹೇಳಿದರು.

“ಬೇರೆ ಯಾರ ಕೈ ಆಗಿದ್ರೂ ನಾನು ಗಾಡಿ ಕದಲಿಸ್ತಿರ್ಲಿಲ್ಲ. ನಿನ್ನ ಕೈ ಅಂತ ಗೊತ್ತಿತ್ತು, ಅದಕ್ಕೇ ಬಿದ್ದಿದೀಯ ಅಂದ್ಕೊಂಡು ಒಂದೊಂದು ತಿರುವಲ್ಲೂ ಇಳಿದು ನೋಡ್ದೆ. ಕೊನೆಗೆ ನಿನ್ನ ಮೈಮೇಲೆ ಒಂದು ಗೀರೂ ಇಲ್ದೇ ಇದ್ದದ್ದು ನೋಡಿ, ನೀನು ಬಿದ್ದಿಲ್ಲ, ನನ್ನನ್ನ ಕಳಿಸಿಬಿಟ್ಟಿದ್ದೆ ಅಷ್ಟೇ ಅಂತ ಗೊತ್ತಾದಾಗ ಎಷ್ಟು ಸಮಾಧಾನ ಆಯ್ತು ಗೊತ್ತಾ.”